ಒದ್ದೆ ಮೂಗಿನ ವಿಚಾರ

ನಮ್ಮ ಹಿತ್ತಿಲಿಗೂ ಪಕ್ಕದ ಗೌಡರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೂ ನಡುವೆ ಇರುವುದು ಒಂದು ಗೊಬ್ಬರದ ಗಿಡದ ಬೇಲಿ. ಬೇಲಿಗೊಂದು ಕಿಂಡಿ. ಮಜ್ಜಿಗೆ ಚೊಂಬು, ಬೆಂಕಿಪೊಟ್ಟಣ, ಊರ ಸುದ್ದಿ ಎಲ್ಲ ಓಡಾಡುವುದು ಅದರಲ್ಲೇ. ಶ್ರಾವಣ ಕಾಲಿಟ್ಟಿತೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ರಾತ್ರಿ ಪೂರ್ತಿ ಮಲಗುವ ಊರು ಕಡಿಮೆ. ಹೊಗೆಸೊಪ್ಪು ಬೇಯುತ್ತಿರುತ್ತದೆ. ಗೌಡರು ಬ್ಯಾರನ್ ಒಲೆಯ ಮುಂದೆ ಕಂಬಳಿ ಹೊದ್ದು ಕೂತಿರುತ್ತಾರೆ. ನನಗೆ ವಯಸ್ಸಿನ ದೆಸೆಯಿಂದ ನಿದ್ದೆ ಬಂದಿರುವುದಿಲ್ಲ. ಹೀಗಾಗಿ ನಮ್ಮ ಬೇಲಿ ಹರಟೆಗೆ ಮುಹೂರ್ತ ರಾತ್ರಿ ಹನ್ನೊಂದರ ಮೇಲೆ.

ಮೊನ್ನೆಯ ವಿಷಯ ಮೂಗು. ಶುರುವಾದದ್ದು ಗೌಡರು ನನ್ನ ಹಳೇ ಸಾಲ ನೆನಪಿಸಿದ್ದರಿಂದ. ದುಡ್ಡಿನ ಸಾಲವಲ್ಲ, ಪ್ರಾಣದ್ದು. ಹೋದ ವರ್ಷ ಇದೇ ಮಳೆಗಾಲದಲ್ಲಿ ನನಗೆ ನೆಗಡಿ ಹಿಡಿದು, ಮೂಗು ಕಟ್ಟಿ, ಉಪ್ಸಾರಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯದ ಸ್ಥಿತಿ. ಮನೆಯವಳು ತೌರಿಗೆ ಹೋಗಿದ್ದಳು. ಅಡುಗೆಮನೆಯ ಗ್ಯಾಸ್ ಪೈಪನ್ನು ಇಲಿ ಕಡಿದದ್ದು ನನಗೇನು ಗೊತ್ತು? ಕಾಫಿ ಕಾಸೋಣವೆಂದು ಬೆಂಕಿಪೊಟ್ಟಣಕ್ಕೆ ತಡಕಾಡುತ್ತಿದ್ದೆ. ಅಷ್ಟರಲ್ಲಿ ಗೌಡರು ಕಿಂಡಿಯಲ್ಲಿ ನುಗ್ಗಿ, "ಮೇಷ್ಟ್ರೇ, ಗೀರ್ಬ್ಯಾಡಿ! ಏನೂ ಗೀರ್ಬ್ಯಾಡಿ!" ಎಂದು ಕೂಗುತ್ತಾ ಓಡಿ ಬಂದು ಹಿತ್ತಿಲ ಬಾಗಿಲು ಒದ್ದು ತೆಗೆದರು. ಮೂವತ್ತು ಅಡಿ ಆಚೆ, ಸೌದೆ ಹೊಗೆಯ ನಡುವೆ ಕೂತವರಿಗೆ ಸಿಕ್ಕ ವಾಸನೆ ಸಿಲಿಂಡರಿನ ಪಕ್ಕದಲ್ಲೇ ನಿಂತಿದ್ದ ನನಗೆ ಸಿಕ್ಕಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೂಗು ಇದು.

ಆ ಗ್ಯಾಸಿಗೆ ಸ್ವಂತದ ವಾಸನೆ ಇಲ್ಲವೆಂದೇ ಹೇಳಬೇಕು. ಕೊಳೆತ ಎಲೆಕೋಸಿನ ಹಾಗೆ ನಾರುತ್ತದಲ್ಲ, ಅದು ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. 1937ರಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಅನಿಲ ಶಾಲೆಯೊಂದರ ನೆಲದಡಿ ಸೋರಿ ತುಂಬಿಕೊಂಡು, ಸಿಡಿದು, ಮುನ್ನೂರರ ಹತ್ತಿರ ಜನ ಸತ್ತರು. ಹೆಚ್ಚಿನವರು ಮಕ್ಕಳು. ಅನಿಲಕ್ಕೆ ದುರ್ವಾಸನೆ ಬೆರೆಸಲೇಬೇಕೆಂಬ ಕಟ್ಟಳೆ ಅಲ್ಲಿ ಬಂದದ್ದು ಆಮೇಲೆ. ಲೋಕದ ಅಡುಗೆಮನೆಗಳನ್ನು ಮೂಗಿನ ಭರವಸೆಗೆ ಬಿಟ್ಟರು. ಆ ಮೂಗಿಗೇ ನೆಗಡಿಯಾದರೆ?

"ಅದ್ಕೆ ಈಗ ಮಿಷನ್ ಮೂಗು ಬಂದದೆ ಗೌಡ್ರೇ," ಎಂದೆ. "ಅದರಲ್ಲೂ ಹೊಸದೊಂದು. ಲೋಳೆಯಲ್ಲಿ ಮಾಡಿದ್ದು. ಜೆಲ್ ಅಂತಾರೆ."

ಗೌಡರು ಸೌದೆಯನ್ನು ಒಲೆಯೊಳಗೆ ನೂಕುತ್ತಿದ್ದವರು ತಿರುಗಿ ನೋಡಿದರು. "ಲೋಳೆನಾ? ಅಂಗಾರೆ ಮಿಷನ್ನಿಗೆ ಸಿಂಬಳ ಬಳ್ದವ್ರೆ ಅನ್ನಿ."

ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ತಲೆ ಕೆರೆದುಕೊಂಡೆ. ಯಾಕೆಂದರೆ ಮನುಷ್ಯ ಹೇಳಿದ್ದು ಅಕ್ಷರಶಃ ಸರಿ.

ಮಿಷನ್ ಮೂಗಿನ ವಂಶಾವಳಿ ಹೀಗಿದೆ. 1960ರ ದಶಕದಲ್ಲಿ ಜಪಾನಿನ ನವೋಯೋಷಿ ತಾಗುಚಿ ಎಂಬಾತ ತವರದ ಆಕ್ಸೈಡಿನ ಸಂವೇದಕ ಮಾಡಿದ. ಅದನ್ನು ಕೆಂಡದ ಹಾಗೆ ಕಾಸಿಟ್ಟಿರಬೇಕು, ಇನ್ನೂರು ಮುನ್ನೂರು ಡಿಗ್ರಿ ಸೆಲ್ಸಿಯಸ್‌ಗೆ. ಅನಿಲ ಬಂದು ತಗುಲಿದರೆ ಅದರಲ್ಲಿ ವಿದ್ಯುತ್ ಹರಿಯುವ ರೀತಿ ಬದಲಾಗುತ್ತದೆ, ಗಂಟೆ ಹೊಡೆದುಕೊಳ್ಳುತ್ತದೆ. ಗ್ಯಾಸ್ ಸೋರಿಕೆಯ ಅಲಾರಾಂ ಹುಟ್ಟಿದ್ದು ಇದರಿಂದಲೇ. ಆದರೆ ಅದು ಕಾವಲುನಾಯಿ, ಮೂಗಲ್ಲ. ಏನೋ ಬಂತೆಂದು ಬೊಗಳುತ್ತದೆ, ಬಂದವರು ಯಾರೆಂದು ಹೇಳುವುದಿಲ್ಲ. 1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಒಂದು ಜಾಣತನ ಮಾಡಿದರು. ಇಂಥ ಬೊಗಳುವ ನಾಯಿ ಮೂರನ್ನು ಒಟ್ಟಿಗೆ ಕಟ್ಟಿದರು. ಒಂದೊಂದೂ ಒಂದೊಂದು ವಾಸನೆಗೆ ಹೆಚ್ಚು ಕಡಿಮೆ ಬೊಗಳುತ್ತದೆ. ಮೂರರ ಬೊಗಳಿಕೆಯನ್ನು ಒಟ್ಟಿಗೆ ಕೇಳಿಸಿಕೊಂಡರೆ ಬಂದವರು ಯಾರೆಂದು ಊಹಿಸಬಹುದು. ನಮ್ಮ ಮೂಗೂ ಮಾಡುವುದು ಇದನ್ನೇ. ಮನುಷ್ಯನ ಮೂಗಿನಲ್ಲಿ ಇಂಥ ಗ್ರಾಹಕಗಳು ಸುಮಾರು ನಾನೂರು ಬಗೆ. 1991ರಲ್ಲಿ ಅವುಗಳ ಗುಟ್ಟು ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಇಷ್ಟು ಕೇಳಿದ ಗೌಡರು ಕೇಳಿದ್ದು ಒಂದೇ ಪ್ರಶ್ನೆ. "ನಮ್ದು ತಣ್ಣಗದೆ. ಅದ್ಯಾಕೆ ಕಾಸಬೇಕು?"

ಪ್ರಶ್ನೆ ಅಲ್ಲೇ ಇರುವುದು. ನಮ್ಮ ಮೂಗು ಕಾಯುವುದಿಲ್ಲ, ಯಾಕೆಂದರೆ ಅದು ಒದ್ದೆ. ಮೂಗಿನ ಮಾಳಿಗೆಯಲ್ಲಿ, ಹೆಚ್ಚು ಕಡಿಮೆ ಹುಬ್ಬುಗಳ ಮಟ್ಟದಲ್ಲಿ, ಅಂಚೆಚೀಟಿಯಷ್ಟು ಜಾಗವಿದೆ. ವಾಸನೆಯ ನರಗಳ ಕೂದಲೆಳೆಗಳು ಅಲ್ಲಿ ಲೋಳೆಯಲ್ಲಿ ಅದ್ದಿಕೊಂಡಿರುತ್ತವೆ. ಗಾಳಿಯಲ್ಲಿ ಬಂದ ವಾಸನೆ ಮೊದಲು ಆ ಲೋಳೆಯಲ್ಲಿ ಕರಗಬೇಕು, ಆಮೇಲೇ ನರಕ್ಕೆ ತಲುಪುವುದು. ನಾವು ಹುಟ್ಟಿದಾಗಿನಿಂದ ಲಂಗದ ಅಂಚಿಗೆ, ಅಂಗಿಯ ತೋಳಿಗೆ ಒರೆಸಿ ಅವಮಾನ ಮಾಡುತ್ತಾ ಬಂದಿರುವ ವಸ್ತುವಿಲ್ಲದಿದ್ದರೆ ಮಲ್ಲಿಗೆಯೂ ಇಲ್ಲ, ಹುರಳಿ ಬಸ್ಸಾರೂ ಇಲ್ಲ.

"ಇದೇನ್ ಹೊಸ ವಿಷ್ಯ?" ಎಂದರು ಗೌಡರು. "ದನ ಕೊಳ್ಳೋರ್ನ ಕೇಳಿ. ಮುಸುಡಿ ಒಣಗಿದ್ರೆ ಆ ದನಕ್ಕೆ ಜ್ವರ. ಬೆವರಿದ ಹಾಗೆ ಹನಿ ಹನಿ ಇದ್ರೆ ಮಾತ್ರ ಹಗ್ಗಕ್ಕೆ ಕೈ ಹಾಕೋದು."

ಕೆ.ಆರ್. ನಗರದ ಚುಂಚನಕಟ್ಟೆ ಜಾತ್ರೆಯಲ್ಲಿ ಇದನ್ನು ನಾನೇ ನೋಡಿದ್ದೇನೆ. ಸಂಕ್ರಾಂತಿಯ ಚಳಿಯಲ್ಲಿ ಜೋಡಿ ಎತ್ತಿಗೆ ಲಕ್ಷಗಟ್ಟಲೆ ಮಾತಾಡುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೊನೆಗೆ ಅಂಗೈಯನ್ನು ಮುಸುಡಿಗೆ ಒತ್ತಿ, ಕೈಗಂಟಿದ ಪಸೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಆ ಪಸೆಯ ಹೆಸರೇ ಈಗ ಪ್ರಯೋಗಾಲಯದಲ್ಲಿ ಜೆಲ್ ಆಗಿದೆ.

ಜೆಲ್ ಮೂಗಿನ ಕತೆಯಲ್ಲಿ ಲಿಸ್ಬನ್ನಿನ ನೋವಾ ವಿಶ್ವವಿದ್ಯಾಲಯದ ಸೆಸಿಲಿಯಾ ರೋಕ್ ಅವರ ತಂಡದ ಕೆಲಸ ನನಗೆ ಬಹಳ ಹಿಡಿಸಿದ್ದು. 2017ರಲ್ಲಿ ಅವರು ಪ್ರಕಟಿಸಿದ ಪಾಕಕ್ಕೆ ಮೂರು ಮುಖ್ಯ ಸಾಮಾನು. ಮೊದಲನೆಯದು ಜೆಲಟಿನ್. ಕಾಲು ಸೂಪು ಮಾಡಿ ರಾತ್ರಿ ಪಾತ್ರೆಯಲ್ಲೇ ಬಿಟ್ಟರೆ ಬೆಳಗ್ಗೆ ಗಟ್ಟಿಯಾಗಿ ಅಲುಗಾಡುತ್ತದಲ್ಲ, ಅದೇ. ಚರ್ಮ, ಮೂಳೆ ಬೇಯಿಸಿದರೆ ಬರುವ ಅಂಟು. (ಕಂಪನಿ ಸರ್ಕಾರದ ಕಾಲದಲ್ಲಿ ಹುಣಸೂರು ಅಮೃತಮಹಲ್ ದನಗಳ ಠಾಣ್ಯ. ಪಕ್ಕದಲ್ಲೇ ಸೈನ್ಯಕ್ಕೆ ಬೂಟು, ಚರ್ಮದ ಸರಂಜಾಮು ಮಾಡುವ ಹದಕಾರ್ಖಾನೆ. ಆ ವಾಸನೆಯನ್ನು ತಾಳಿಕೊಂಡ ಊರು ಮೂಗಿನ ವಿಚಾರಕ್ಕೆ ಹೊಸದಲ್ಲ.)

ಎರಡನೆಯದು ಒಂದು ವಿಚಿತ್ರ ಉಪ್ಪು. ಅಡುಗೆ ಉಪ್ಪು ಕರಗಿ ಹರಿಯಬೇಕಾದರೆ ಎಂಟುನೂರು ಡಿಗ್ರಿ ಬೇಕು. ಇದು ಸುಮ್ಮನೆ ಶೀಶೆಯಲ್ಲಿಟ್ಟರೂ ಎಣ್ಣೆಯ ಹಾಗೆ ಹರಿಯುತ್ತದೆ. ಅಯಾನಿಕ್ ದ್ರವವೆಂದು ಹೆಸರು. ಇದರ ದೊಡ್ಡ ಗುಣ ಆವಿಯಾಗದಿರುವುದು. ನೀರಿನ ಲೋಳೆಯನ್ನು ಗಾಳಿಗೆ ಬಿಟ್ಟರೆ ಏನಾಗುತ್ತದೆಂದು ರಾಗಿ ಹಾಲುಬಾಯಿಯ ತಟ್ಟೆಯನ್ನು ಮುಚ್ಚದೆ ಮರೆತವರಿಗೆಲ್ಲ ಗೊತ್ತು. ಅಂಚು ಒಣಗಿ, ಸುಕ್ಕಾಗಿ, ಬಿರುಕು ಬಿಡುತ್ತದೆ. ಈ ಉಪ್ಪು ಸೇರಿದ ಲೋಳೆ ಹಾಗೆ ಒಣಗಿ ಹೋಗುವುದಿಲ್ಲ. ಮೂಗಿಗೆ ಒಳಗಿನಿಂದ ಸದಾ ಪಸೆ ಒಸರುತ್ತದೆ; ಮಿಷನ್ನಿಗೆ ಒಸರುವವರಾರು? ಅದಕ್ಕೇ ಒಣಗದ ಪಸೆ.

ಮೂರನೆಯದು ದ್ರವ ಹರಳು, ಕ್ಯಾಲ್ಕುಲೇಟರಿನ ಪರದೆಯಲ್ಲಿ ಅಂಕಿ ಮೂಡಿಸುವ ಜಾತಿಯ ಸಾಮಾನು. ಅದು ಜೆಲ್ಲಿನೊಳಗೆ ಸಣ್ಣ ಸಣ್ಣ ಹನಿಗಳಾಗಿ ಕೂತಿರುತ್ತದೆ. ಹನಿಯೊಳಗೆ ಅಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿರುತ್ತವೆ. ಬಿಸಿಯೂಟದ ಸಾಂಬಾರಿನ ಘಮ ಬಂತೋ, ಸಾಲು ಚೆದುರುತ್ತದೆ. ಇದೂ ಹಾಗೆಯೇ. ಆಲ್ಕೋಹಾಲೋ ಅಸಿಟೋನೋ ಆವಿಯಾಗಿ ಬಂದು ಜೆಲ್ಲಿನಲ್ಲಿ ಕರಗಿದರೆ ಹನಿಯೊಳಗಿನ ಸಾಲು ಮುರಿಯುತ್ತದೆ. ಅಡ್ಡಡ್ಡ ಇಟ್ಟ ಎರಡು ಧ್ರುವಕ ಗಾಜುಗಳ ನಡುವೆ ಇದನ್ನಿಟ್ಟು ಬೆಳಕು ಬಿಟ್ಟಿರುತ್ತಾರೆ. ಸಾಲು ಇದ್ದಾಗ ಹನಿಗಳು ಮಿಣಮಿಣ ಹೊಳೆಯುತ್ತವೆ, ಮುರಿದಾಗ ಕತ್ತಲು. ಒಳ್ಳೆಯ ಗಾಳಿ ಊದಿದರೆ ವಾಸನೆ ಆರಿಹೋಗಿ ಮಕ್ಕಳು ಮತ್ತೆ ಸಾಲಿಗೆ ಬರುತ್ತಾರೆ. ಯಾವ ವಾಸನೆಗೆ ಎಷ್ಟು ಬೇಗ ಚೆದುರಿದರು, ಎಷ್ಟು ಹೊತ್ತಿಗೆ ಮರಳಿದರು ಎನ್ನುವುದೇ ಆ ವಾಸನೆಯ ಹೆಬ್ಬೆಟ್ಟು. ಇಷ್ಟೆಲ್ಲ ನಡೆಯುವುದು ಕೋಣೆಯ ತಂಪಿನಲ್ಲಿ, ಕಾಸದೆ.

ಕನ್ನಡದವರು ಮೂಗಿಗೆ ತುಪ್ಪ ಸವರುವುದು ಎಂದು ಮೋಸಕ್ಕೆ ಹೆಸರಿಟ್ಟಿದ್ದಾರೆ. ಬಾಯಿಗಿಲ್ಲ, ವಾಸನೆ ಮಾತ್ರ. ಲಿಸ್ಬನ್ನಿನ ಪೋರ್ಚುಗೀಸರು ನಿಜಕ್ಕೂ ಮೂಗಿಗೆ ಏನೋ ಸವರಿ ಅದೇ ವಿಜ್ಞಾನ ಎಂದರು. ನಾನಿದನ್ನು ಚಮತ್ಕಾರವಾಗಿ ಹೇಳಿದೆನೆಂದುಕೊಂಡೆ. ಗೌಡರು ನಗಲಿಲ್ಲ. ಆಕಾಶ ನೋಡಿ, ಕಂಬಳಿ ಕೊಡವಿ ಎದ್ದರು. ಬ್ಯಾರನ್ನಿಗೆ ಹೊತ್ತಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಜ್ಞಾನಕ್ಕಿಂತ ಹೆಚ್ಚಿನದನ್ನು ನಾನು ನೋಡಿದ್ದು ಆ ಐದು ನಿಮಿಷದಲ್ಲಿ.

ಬ್ಯಾರನ್ನಿನ ಗೋಡೆಯಲ್ಲಿ ಒಂದು ಗಾಜಿನ ಕಿಟಕಿ, ಅದರೊಳಗೆ ಥರ್ಮಾಮೀಟರ್ ತೂಗುಹಾಕಿದೆ. ಗೌಡರು ಬ್ಯಾಟರಿ ಬಿಟ್ಟು ಅದನ್ನು ನೋಡಿದರು, ನೋಡಲೇಬೇಕಲ್ಲ ಎಂಬಂತೆ. ಆಮೇಲೆ ಮೂಗನ್ನು ಹೆಗಲ ಟವಲಿನಿಂದ ಚೆನ್ನಾಗಿ ಒರೆಸಿಕೊಂಡರು. ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ಮುಖವನ್ನು ಬಿಸಿ ಆವಿಗೆ ಒಡ್ಡಿ, ದೀರ್ಘವಾಗಿ ಎಳೆಯಲಿಲ್ಲ. ಸಣ್ಣ ಸಣ್ಣದಾಗಿ ನಾಲ್ಕೈದು ಸಲ ಮೂಸಿದರು, ನಾಯಿ ಮೂಸುವ ಹಾಗೆ. ಬಾಗಿಲು ಮುಚ್ಚಿದರು. "ಇನ್ನೂ ಹುಲ್ಲು ಹುಲ್ಲು ಅಂತದೆ. ಬೆಳಗಿನ ಜಾವ ನೋಡವ."

ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿಗೆ ಏರಿಸಿದ ಮೇಲೆ ಮೊದಲೆರಡು ದಿನ ಬಿಸಿ 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲೇ ಇರಬೇಕು, ಎಲೆ ಹಸಿರು ಬಿಟ್ಟು ಹಳದಿಗೆ ತಿರುಗುವ ತನಕ. ತಿರುಗುವ ಮುಂಚೆ ಬೆಂಕಿ ಏರಿಸಿದರೆ ಹಸಿರು ಹಾಗೇ ಕೂತುಬಿಡುತ್ತದೆ. ತಡವಾದರೆ ಎಲೆ ಕಂದುಗಟ್ಟುತ್ತದೆ. ಎರಡಕ್ಕೂ ಹರಾಜಿನಲ್ಲಿ ಬೆಲೆ ಬಿದ್ದುಹೋಗುತ್ತದೆ. ಹಳದಿಯಾದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಕೊನೆಗೆ ನಡುದಂಟು ಒಣಗಲು 160ರ ತನಕ. ಐದಾರು ದಿನದ ಬಾಣಂತನ. ಅದರಲ್ಲಿ ಕೈ ಎಡವುವುದು ಹಸಿರು ಹಳದಿಯಾಗುವ ಆ ಹೊತ್ತಿನಲ್ಲೇ, ಆ ಹೊತ್ತನ್ನು ಗೌಡರು ಹಿಡಿಯುವುದು ಮೂಗಿನಲ್ಲಿ. ಕೊಯ್ದ ಹುಲ್ಲಿನ ವಾಸನೆ ಹೆಕ್ಸೆನಾಲ್ ಜಾತಿಯ ಆವಿಗಳದ್ದು. ಹಸಿ ಎಲೆ ಗಾಯಗೊಂಡಾಗ ಬಿಡುವಂಥದ್ದು. ಎಲೆ ಬಾಡಿ ಬೇಯುತ್ತಾ ಹೋದಂತೆ ಹುಲ್ಲು ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಎಲೆಯ ಹಳದಿ ಬಣ್ಣಗಳು ಒಡೆದು ಹುಟ್ಟುವ ಆ ಸಿಹಿಯಲ್ಲಿ ಡಮಾಸೆನೋನ್ ಎಂಬುದೂ ಒಂದು. ಗುಲಾಬಿ ಅತ್ತರಿನ ಘಮಕ್ಕೂ ಅದು ಒಂದು ಮುಖ್ಯ ಕಾರಣ. ಹೊಗೆಸೊಪ್ಪಿನ ಮಾತಿನಲ್ಲಿ ಗುಲಾಬಿ ತಂದೆನೆಂದು ಯಾರೂ ಹುಬ್ಬೇರಿಸಬೇಡಿ. ಅದನ್ನು ಸೇದುವವರ ಎದೆಗೆ ಏನಾಗುತ್ತದೆಂಬುದು ಬೇಲಿಯ ಈಚೆಗೂ ಗೊತ್ತು, ಆಚೆಗೂ ಗೊತ್ತು. ಗೌಡರು ಸ್ವತಃ ಬೀಡಿ ಮುಟ್ಟಿದವರಲ್ಲ. ಅವರ ತಂದೆ ನಶ್ಯ ಏರಿಸುತ್ತಿದ್ದರಂತೆ. ಮುದುಕನಾದ ಮೇಲೆ ಬ್ಯಾರನ್ ಸುಟ್ಟರೂ ವಾಸನೆ ತಿಳಿಯುತ್ತಿರಲಿಲ್ಲವಂತೆ.

ಹದದ ಹೊತ್ತನ್ನು ಮೂಸಿ ಹಿಡಿಯುವ ಇದೇ ಕೆಲಸವನ್ನು ಮಿಷನ್ನಿಗೆ ಕಲಿಸಿದವರು ನಮ್ಮ ದೇಶದಲ್ಲೇ ಇದ್ದಾರೆ. ಕೋಲ್ಕತ್ತದ ಸಿ-ಡ್ಯಾಕ್ ಚಹಾ ಕಾರ್ಖಾನೆಗಳಿಗೆ ಎಲೆಕ್ಟ್ರಾನಿಕ್ ಮೂಗು ಮಾಡಿತು. ಚಹಾದ ಎಲೆಯನ್ನು ಅರೆದು ಹರವಿಟ್ಟಾಗ ಅದು ಹದಗೊಳ್ಳುತ್ತಾ ಹಸಿ ವಾಸನೆ ಕಳೆದು ಘಮ ಏರುತ್ತದೆ, ಒಂದು ಹಂತದಲ್ಲಿ ಶಿಖರ ಮುಟ್ಟಿ ಇಳಿಯುತ್ತದೆ. ಆ ಶಿಖರದ ಕ್ಷಣಕ್ಕೆ ಒಲೆಗೆ ಹಾಕಬೇಕು. ಅದನ್ನು ಹೇಳುವುದೇ ಆ ಯಂತ್ರದ ಕೆಲಸ. ಆದರೆ ಶಿಖರ ಯಾವುದೆಂದು ಅದಕ್ಕೆ ಹೇಳಿಕೊಟ್ಟವರು ಯಾರು? ಚಹಾ ರುಚಿ ನೋಡುವ ಅನುಭವಸ್ಥರೇ. ಅವರು ಕೊಟ್ಟ ಅಂಕದ ಪಕ್ಕದಲ್ಲಿ ತನ್ನ ಸಂಖ್ಯೆ ಬರೆದುಕೊಳ್ಳುತ್ತಾ ಯಂತ್ರ ಕಲಿಯಿತು. ಜೆಲ್ ಮೂಗಿಗೂ ಇದೇ ಪಾಡು. ಸಾಲು ಚೆದುರಿತೆಂದು ಅದು ತೋರಿಸುತ್ತದೆ. ಇದು ಹುಲ್ಲು, ಇದು ಗುಲಾಬಿ, ಇದು ಬೂಸ್ಟು ಎಂದು ಹೆಸರಿಡುವವರು ಪಕ್ಕದಲ್ಲಿ ನಿಂತಿರಬೇಕು. ಹಾಗೆ ನಿಲ್ಲುವವರಿಗೆ ಸಂಬಳ ಎಷ್ಟೆಂದು ಗೌಡರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಸೊಪ್ಪಿನ ಬೇಲ್‌ನೊಳಗೆ ಕೈ ತೂರಿಸಿ ಒಂದು ಹಿಡಿ ಎಲೆ ಕಿತ್ತು ಮೂಸುವ ಕಂಪನಿಯ ಬಾಬುಗಳನ್ನು ಅವರು ನೋಡಿಯೇ ಬಂದಿದ್ದಾರೆ. ಮೂಗು ಇಬ್ಬರಿಗೂ ಇದೆ, ಬೆಲೆ ಕಟ್ಟುವುದು ಒಬ್ಬರದ್ದು.

ಮಾತು ಕೋಟೆಯ ಕಡೆ ಹೊರಳಿತು. ಗೌಡರ ಹೆಂಡತಿಯ ತೌರು ಎಚ್.ಡಿ. ಕೋಟೆಯ ಕಾಡಂಚು. ಅವರ ಭಾವಮೈದ ದನ ಹುಡುಕಿಕೊಂಡು ಹೋದಾಗ ಪೊದೆಯ ಹತ್ತಿರ ಬಿಸಿ ಅನ್ನದ ಘಮ ಬಂದಿತ್ತಂತೆ. ಇಲ್ಲಿ ಯಾರಪ್ಪ ಸಣ್ಣಕ್ಕಿ ಬೇಯಿಸುತ್ತಿದ್ದಾರೆಂದು ಒಂದು ಹೆಜ್ಜೆ ಇಟ್ಟವನು, ತಕ್ಷಣ ತಾತ ಹೇಳಿದ್ದು ನೆನಪಾಗಿ ತಿರುಗಿ ನೋಡದೆ ಓಡಿ ಬಂದನಂತೆ. ಅದು ಹುಲಿ ಗುರುತು ಹಾಕಿ ಹೋದ ಜಾಗ.

ಮೊದಲಾದರೆ ಕಟ್ಟುಕತೆ ಎಂದು ನಾನೂ ಮೂಗು ಮುರಿಯುತ್ತಿದ್ದೆ. ಆದರೆ ಕೋಲ್ಕತ್ತದ ಆರ್. ಎಲ್. ಬ್ರಹ್ಮಚಾರಿ ಮತ್ತು ಜೊತೆಗಾರರು 1990ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನೇ ಬರೆದರು. ಬಾಸುಮತಿಗೂ, ಕುಂಡದಲ್ಲಿ ಬೆಳೆಸಿ ಅನ್ನಕ್ಕೆ ಹಾಕುವ ಬಾಸುಮತಿ ಎಲೆಗೂ ಘಮ ಕೊಡುವ ವಸ್ತು 2-ಅಸಿಟೈಲ್-1-ಪೈರೋಲೀನ್. ಹುಲಿ ಗಡಿ ಗುರುತಿಗೆ ಚಿಮ್ಮಿಸುವ ದ್ರವದಲ್ಲಿರುವುದೂ ಅದೇ. ಕೋಟೆಯಿಂದ ಬಾವಲಿ ಗಡಿ ದಾಟಿದರೆ ವಯನಾಡಿನ ಗಂಧಕಸಾಲ ಭತ್ತ, ಗಡಿಯ ಈಚೆ ನಾಗರಹೊಳೆಯ ಹುಲಿ. ಘಮ ಒಂದೇ.

"ಅಂಗಾರೆ ನಿಮ್ ಮಿಷನ್ನು ಕೆ.ಆರ್. ನಗರದ ರೈಸ್‌ಮಿಲ್ಲಲ್ಲಿ 'ಅಕ್ಕಿ ಒಳ್ಳೇದು' ಅಂತದೆ, ಕ್ವಾಟೆ ಕಾಡಲ್ಲೂ 'ಅಕ್ಕಿ ಒಳ್ಳೇದು' ಅಂತದೆ. ಹುಲಿ ಬಂದು ನುಂಗ್ತದೆ."

ಒಂದೇ ಜೆಲ್ ಇದ್ದರೆ ಹಾಗೇ ಆಗುತ್ತದೆ. ಅದಕ್ಕೇ ಬೇರೆ ಬೇರೆ ಉಪ್ಪು ಬೆರೆಸಿದ ಜೆಲ್ಲುಗಳನ್ನು ಸಾಲಾಗಿ ಇಡುವುದು. ಹುಲಿಯ ಗುರುತಿನಲ್ಲಿ ಅನ್ನದ ಘಮದ ಜೊತೆಗೆ ಅಮೋನಿಯಾದಂಥ ಇನ್ನೂ ಹತ್ತಾರು ನಾತಗಳಿವೆ. ಒಂದು ಜೆಲ್ ಅನ್ನವೆಂದರೂ ಪಕ್ಕದ್ದು ಮೂತ್ರವೆನ್ನುತ್ತದೆ. ಗೌಡರ ಭಾವಮೈದನ ಮೂಗೂ ಕೊನೆಗೆ ಮಾಡಿದ್ದು ಅದನ್ನೇ ಇರಬೇಕು, ಮನಸ್ಸಿಗಿಂತ ಮುಂಚೆ ಕಾಲಿಗೆ ಸುದ್ದಿ ಮುಟ್ಟಿಸಿತು.

ಹಾಗೆಂದು ಜೆಲ್ಲಿಗೆ ಕಷ್ಟಗಳಿಲ್ಲವೆಂದಲ್ಲ. ಜೆಲಟಿನ್ ನೀರು ಕುಡಿಯುವ ಜಾತಿ. ಏಪ್ರಿಲ್ಲಿನ ಒಣ ಗಾಳಿಯಲ್ಲಿ ಒಂದು ಹೇಳುತ್ತದೆ, ಹುಣಸೂರಿನ ಆಗಸ್ಟಿನ ಜಡಿಮಳೆಯ ತೇವದಲ್ಲಿ ಉಬ್ಬಿ ಇನ್ನೊಂದು ಹೇಳುತ್ತದೆ. ಪದರ ದಪ್ಪವಾದರೂ ಕೆಟ್ಟಿತು. ವಾಸನೆ ಒಳಗಿಳಿಯುವುದೂ ತಡ, ಹೊರಗೆ ಹೋಗುವುದೂ ತಡ. ತೆಳ್ಳಗೆ ಬಳಿದರೇ ಚುರುಕು. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋದ ವರ್ಷದ ನೆಗಡಿಯಲ್ಲಿ ನನ್ನ ಮೂಗಿನೊಳಗೆ ಜೆಲ್ಲಿಗೇನು ಬರವಿತ್ತೇ? ಅತಿಯಾಗಿತ್ತು, ಅದಕ್ಕೇ ಗ್ಯಾಸ್ ತಿಳಿಯಲಿಲ್ಲ.

"ಒಣಗಬಾರ್ದು, ಸುರೀಲೂಬಾರ್ದು," ಎಂದರು ಗೌಡರು. ಸ್ವಲ್ಪ ತಡೆದು, "ಅದ್ಸರಿ, ಒಂದ್ಸಲ ಮೂಸಿದ ಮೇಲೆ ಮೂಗು ಒರೆಸ್ಕೋತದಾ ಅದು?"

ಒಳ್ಳೆಯ ಗಾಳಿ ಊದುತ್ತಾರೆ ಎಂದೆ.

"ಇಲ್ಲಿಗೆ ತಂದ್ರೆ ಒಳ್ಳೆ ಗಾಳಿ ಎಲ್ಲಿಂದ ತತ್ತೀರಿ?" ಒಲೆಯ ಬಾಯಿಂದ ಹೊಗೆ ತಿರುಗಿ ಇಬ್ಬರ ಮುಖಕ್ಕೂ ಹೊಡೆಯಿತು. ಉತ್ತರ ಕೊಡಲು ಬಿಡದಷ್ಟು ಕೆಮ್ಮು.

ಅವರದ್ದು ಎರಡು ಬ್ಯಾರನ್. ಒಂದರಲ್ಲಿ ಹುಲ್ಲಿನ ಘಟ್ಟ, ಇನ್ನೊಂದರಲ್ಲಿ ಹಿಂದಿನ ದಿನವೇ ಬೇಯಿಸಿ ಮುಗಿದು ಆರುತ್ತಿದ್ದ ಸೊಪ್ಪು. ಮಾತು ಮುಗಿಸಿ ನಾನು ಹೊರಡುವಾಗ ಆ ಎರಡನೆಯದರ ಬಾಗಿಲನ್ನೂ ಕಿಟಕಿಗಳನ್ನೂ ಇಬ್ಬನಿಗೆ ತೆರೆದಿಟ್ಟರು. ಒಳಗೆ ಬ್ಯಾಟರಿ ಬೆಳಕಿನಲ್ಲಿ ಕಡ್ಡಿ ಕಡ್ಡಿಗೂ ನಿಂಬೆ ಹಳದಿಯ ಎಲೆ ತೂಗುತ್ತಿತ್ತು. ಆಸೆಯಾಯಿತು, ಕೈ ಚಾಚಿ ಒಂದನ್ನು ಹಿಡಿದೆ. ಹಪ್ಪಳದ ಹಾಗೆ ಪಟಪಟನೆ ಮುರಿದು ಅಂಗೈಯಲ್ಲಿ ಪುಡಿಯಾಯಿತು. ಗುಲಾಬಿಯೋ ಜೇನೋ ಎಂದು ಮೂಗಿಗೆ ಒತ್ತಿಕೊಂಡೆ. ಒಣ ಧೂಳಿನ ಹೊರತು ಏನೂ ಬರಲಿಲ್ಲ.

"ಈಗೇನ್ ಗೊತ್ತಾದದು ಮೇಷ್ಟ್ರೇ," ಗೌಡರು ನನ್ನ ಕೈಯ ಪುಡಿಯನ್ನು ಕೊಡವಿದರು. "ರಾತ್ರಿ ಇಬ್ಬನಿ ಕುಡೀಲಿ. ಬೆಳಗ್ಗೆ ಹದ ಬಂದ್ಮೇಲೆ ಬನ್ನಿ, ಮೂಸೋರಂತೆ."